ನನ್ನ ಪಾಲಿನ ನೀರು, ಊರಿನ ಚಹಾ

ಮೊದಲು ಬಾತದ್ದು ಕಾಲು.

ಬೆಳಿಗ್ಗೆ ಚಪ್ಪಲಿ ಮೆಟ್ಟಲು ಹೋದರೆ ಪಾದ ಪಟ್ಟಿಯೊಳಗೆ ಹೋಗಲಿಲ್ಲ. ಬಿಸಿಲಿಗೆ ಚಪ್ಪಲಿಯೇ ಸೆಟೆದಿರಬೇಕೆಂದು ಅದಕ್ಕೆ ಬೈದೆ. ಗಂಡನ ಚಪ್ಪಲಿ ಹಾಕಿಕೊಂಡು ಗ್ರಂಥಾಲಯಕ್ಕೆ ಹೋದೆ. ಬಾಗಿಲು ತೆಗೆದೆ, ಪೇಪರು ಜೋಡಿಸಿದೆ, ಪರೀಕ್ಷೆಗೆ ಓದಲು ಬರುವ ಹುಡುಗಿಯರ ಕುರ್ಚಿ ಜಗಳ ಬಿಡಿಸಿದೆ. ಸಂಜೆಯ ಹೊತ್ತಿಗೆ ಆ ಚಪ್ಪಲಿಯೂ ಬಿಗಿಯಾಯಿತು. ಆಗಲಾದರೂ ತಿಳಿಯಬೇಕಿತ್ತು. ತಿಳಿಯಲಿಲ್ಲ.

ನನ್ನ ಹೆಸರು ವಿಮಲಾ. ಬಸವಕಲ್ಯಾಣ ತಾಲೂಕಿನ ಮೋರಖಂಡಿಯವಳು, ತವರುಮನೆ ಗಂಡನಮನೆ ಎರಡೂ ಇಲ್ಲೇ. ವಯಸ್ಸು ನಲವತ್ತಾರು. ಊರಿನ ಗ್ರಂಥಾಲಯ ನೋಡಿಕೊಳ್ಳುವ ಕೆಲಸ ನನ್ನದು, ಅಂದರೆ ಆಗ ನನ್ನದಾಗಿತ್ತು. ಗಂಡ ದಿಲೀಪ ಗೌಂಡಿ, ಮನೆ ಕಟ್ಟುವ ಕೆಲಸ. ಒಬ್ಬಳೇ ಮಗಳು, ಲಾತೂರಿಗೆ ಕೊಟ್ಟಿದ್ದೇವೆ. ಹತ್ತು ವರ್ಷದಿಂದ ನನಗೆ ತಲೆನೋವು. ಹಿಂದಲೆಯಲ್ಲಿ ಶುರುವಾಗಿ ಕಣ್ಣಿನ ಮೇಲೆ ಬಂದು ಕೂರುತ್ತಿತ್ತು. ಓದುವ ಹೆಂಗಸಿಗೆ ತಲೆನೋವು ಬರದೆ ಇನ್ನೇನು ಬರುತ್ತದೆ ಎಂದು ಅತ್ತೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮೆಡಿಕಲ್ ಅಂಗಡಿಯಿಂದ ತಂದ ನೋವಿನ ಗುಳಿಗೆ ಒಂದು ನುಂಗಿದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ. ಮಧ್ಯಾಹ್ನ ಇನ್ನೊಂದು. ಒಬ್ಬರಾದರೂ ಬಿ.ಪಿ. ನೋಡಿಸು ಅನ್ನಲಿಲ್ಲ. ಅಂದಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ. ನನ್ನ ಬುದ್ಧಿ ನನಗೆ ಗೊತ್ತು.

ಕಾಲಿನ ನಂತರ ಮುಖ ಬಾತಿತು. ಅನ್ನ ಕಂಡರೆ ವಾಂತಿ. ಬಾಯಲ್ಲಿ ಕಬ್ಬಿಣದ ರುಚಿ. ದಿಲೀಪ ಕೆಲಸ ಬಿಟ್ಟು ಬಸವಕಲ್ಯಾಣಕ್ಕೆ ಕರೆದುಕೊಂಡು ಹೋದ. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದರು, ಬಿಟ್ಟರು, ಮತ್ತೆ ತುಂಬಿದರು. ಅವರಿಗೆ ತಮ್ಮ ಮಶೀನಿನ ಮೇಲೆಯೇ ಅನುಮಾನ ಬಂದಂತಿತ್ತು.

"ಎರಡುನೂರಾ ಹತ್ತು. ಎಷ್ಟು ವರ್ಷ ಆಯ್ತು ಬಿ.ಪಿ. ಬಂದು?"

"ಗೊತ್ತಿಲ್ರಿ."

"ಯಾರೂ ನೋಡೇ ಇಲ್ಲ?"

"ಇಲ್ರಿ."

ರಕ್ತ ಕೊಟ್ಟೆ. ಸ್ಕ್ಯಾನ್ ಆಯಿತು. ಕ್ರಿಯಾಟಿನಿನ್ ಹನ್ನೊಂದು ಅಂದರು. ಹನ್ನೊಂದು ಅಂದರೆ ಹೆಚ್ಚೋ ಕಡಿಮೆಯೋ ನಮಗೇನು ಗೊತ್ತು? "ಗುಳಿಗಿ ಕೊಟ್ರ ಕಮ್ಮಿ ಆಗತದಲ್ರಿ?" ಎಂದು ದಿಲೀಪ ಕೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟರು.

ಎರಡೂ ಕಿಡ್ನಿ ಹೋಗಿದ್ದವು.

ನಂತರದ ಎರಡು ತಿಂಗಳು ನನಗೆ ಸರಿಯಾಗಿ ನೆನಪಿಲ್ಲ. ಕಲಬುರಗಿ, ಕುತ್ತಿಗೆಗೆ ಪೈಪು, ಚಳಿಜ್ವರ, ಎಡಗೈಯಲ್ಲಿ ಆಪರೇಶನ್. ಎರಡು ರಕ್ತನಾಳ ಸೇರಿಸಿ ಹೊಲಿಯುತ್ತಾರೆ, ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಅಲ್ಲಿಗೇ ಡಯಾಲಿಸಿಸ್ ಸೂಜಿ ಹಾಕುವುದು. ಆ ಕೈಯಲ್ಲಿ ಕೊಡ ಎತ್ತುವಂತಿಲ್ಲ, ಬಳೆ ಹಾಕುವಂತಿಲ್ಲ, ಆ ಕೈ ಮೇಲೆ ತಲೆಯಿಟ್ಟು ಮಲಗುವಂತಿಲ್ಲ. ನನಗೆ ಸೀಟು ಸಿಕ್ಕಿದ್ದು ಹುಮನಾಬಾದಿನಲ್ಲಿ. ಮಂಗಳವಾರ ಮತ್ತು ಶುಕ್ರವಾರ. ಬೆಳಿಗ್ಗೆ ಟಂಟಂ ಆಟೋ ಹಿಡಿದು ಬಸವಕಲ್ಯಾಣ, ಅಲ್ಲಿಂದ ಬಸ್ಸು. ನಾಲ್ಕು ತಾಸು ಮಶೀನು. ವಾಪಸ್ ಬರುವಾಗ ದಾರಿಯ ರಾಜೇಶ್ವರ ಊರು ದಾಟುವುದರೊಳಗೆ ಕುತ್ತಿಗೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಗ್ರಂಥಾಲಯದ ಕೀಲಿ ಬೇರೆಯವರಿಗೆ ಕೊಟ್ಟೆ.

ಇಷ್ಟೆಲ್ಲ ಹೇಗೋ ಒಗ್ಗಿತು. ಒಗ್ಗದೇ ಹೋದದ್ದು ನೀರು.

ಮೂತ್ರ ಆಗುವುದಿಲ್ಲವಾದ್ದರಿಂದ ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ. ದಿನಕ್ಕೆ ಎಂಟುನೂರು ಎಂ.ಎಲ್. ಅಂದರು ಹುಮನಾಬಾದಿನ ಡಾಕ್ಟರಮ್ಮ. ನೀರು, ಚಹಾ, ಮಜ್ಜಿಗೆ, ಸಾರು, ಗುಳಿಗೆ ನುಂಗುವ ಗುಟುಕು, ಎಲ್ಲಾ ಸೇರಿ. ನಮ್ಮ ಮನೆಯ ಸ್ಟೀಲಿನ ಲೋಟದಲ್ಲಿ ಅದು ಮೂರು ಲೋಟಕ್ಕೆ ಸ್ವಲ್ಪ ಹೆಚ್ಚು. ಬೀದರ ಜಿಲ್ಲೆಯ ಬೇಸಿಗೆಯಲ್ಲಿ! ಬೆಳಿಗ್ಗೆಯೇ ಬಾಟಲಿಯಲ್ಲಿ ಅಳೆದು ಇಟ್ಟುಕೊಂಡು, ಅದು ಇಳಿಯುವುದನ್ನೇ ನೋಡುತ್ತ ಕೂರುತ್ತಿದ್ದೆ. ಮೇಕೆಗೆ ನೀರಿಡುವಾಗ ಮೇಕೆಯ ಮೇಲೂ ಹೊಟ್ಟೆಕಿಚ್ಚು. ಕುಡಿಯೇ, ಕುಡಿ, ನಿನ್ನ ಕಿಡ್ನಿ ಚಲೋ ಅವ.

ಸಿಟ್ಟು ಬಂದರೆ ಯಾರ ಮೇಲೆ ಹಾಕುವುದು? ದಿಲೀಪನ ಮೇಲೆ ಹಾಕುತ್ತಿದ್ದೆ. ಅವನು ರೊಟ್ಟಿ ಬಡಿಯಲು ಕಲಿತಿದ್ದ. ದಪ್ಪ ಆಯಿತು ಎಂದು ಬೈಯುತ್ತಿದ್ದೆ. ಮರುದಿನ ತೆಳ್ಳಗೆ ಮಾಡಲು ಹೋಗಿ ಹರಿದರೆ ಅದಕ್ಕೂ ಬೈಯುತ್ತಿದ್ದೆ. ನೋಡಲು ಬಂದವರು ಮೂಗಿಗೆ ಸೆರಗು ಹಚ್ಚಿ ಅಳುತ್ತಿದ್ದರು. ಬದುಕಿರುವವಳ ಮುಂದೆ ಕೂತು ಅಳುವುದು ಯಾವ ರೀತಿ? ಆಮೇಲೆ ಯಾರು ಬಂದರೂ ನಿದ್ದೆ ಬಂದವಳ ಹಾಗೆ ಗೋಡೆಯ ಕಡೆ ತಿರುಗಿ ಮಲಗುವುದು ರೂಢಿಯಾಯಿತು. ಒಂದು ಶುಕ್ರವಾರ ಹೋಗುವುದೇ ಬೇಡ ಅನ್ನಿಸಿತು. ದಿಲೀಪ ಬಾಗಿಲಲ್ಲಿ ನನ್ನ ಚೀಲ ಹಿಡಿದುಕೊಂಡು ನಿಂತಿದ್ದ. ಅವನ ಮುಖ ನೋಡಿ ಎದ್ದೆ. ಬದುಕುವ ಆಸೆಯಿಂದ ಎದ್ದದ್ದಲ್ಲ.

ಡಯಾಲಿಸಿಸ್ ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯವನು ಬೀರಪ್ಪ. ಘಾಟಬೋರಾಳದ ಕುರಿಗಾರ. ಐವತ್ತರ ಆಸುಪಾಸು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಬಾಯಿ. ಕುರಿಗಳನ್ನು ಈಗ ತಮ್ಮ ಕಾಯುತ್ತಿದ್ದ. ಮಶೀನು ಶುರುವಾದರೆ ಬೀರಪ್ಪನ ಮಾತೂ ಶುರು. ಯಾವ ಕುರಿಗೆ ಕಾಲು ಕುಂಟು, ಯಾವುದು ಕಳ್ಳ, ಯಾವುದು ತನ್ನ ಮರಿಗೇ ಹಾಲು ಕೊಡುವುದಿಲ್ಲ. ಎಲ್ಲಾ ಹೆಸರು ಹಿಡಿದು ಹೇಳುತ್ತಿದ್ದ. ಒಂದು ದಿನ ನರ್ಸು ಅವನ ಬಿ.ಪಿ. ನೋಡಿ ಹೋದ ಮೇಲೆ ತೋಳಿನ ಪಟ್ಟಿ ತೋರಿಸಿ ಅಂದ (ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವುದು ಬಾಯಿ ಎಂದು):

"ಬಾಯಿ, ಈ ಪಟ್ಟಿ ನಮ್ಮೂರಾಗ ಯಾರರ ಒಬ್ರು ಮೊದಲೇ ಕಟ್ಟಿದ್ರ, ನಾ ಇಲ್ಲಿ ಯಾಕ ಮಲಗತಿದ್ದೆ? ಎರಡ ಮಿನಿಟಿನ ಕೆಲಸ. ಕುರಿಗಿ ರೋಗ ಬಂದ್ರ ಕಣ್ಣ ನೋಡಿ ಹೇಳತೀನಿ ನಾ. ನನಗ ರೋಗ ಬಂದದ್ದು ನನಗ ಮಾಲುಮ ಆಗಲಿಲ್ಲ ನೋಡ್ರಿ."

ನಾನು ಹೂಂ ಅಂದೆ. ಅವತ್ತು ನನಗೆ ಮಾತು ಬೇಕಾಗಿರಲಿಲ್ಲ.

ಮುಂದಿನ ಮಂಗಳವಾರ ಆ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು.

ಟೆಕ್ನಿಷಿಯನ್ ಇರ್ಫಾನ್ ನನ್ನ ಕೈಗೆ ಸೂಜಿ ಹಾಕುತ್ತ ತಲೆಯೆತ್ತದೆ ಹೇಳಿದ, "ಹೋದ್ರು ಬಾಯಿ. ಐತವಾರ." ನಾನು ಕೇಳಿರಲಿಲ್ಲ, ಅವನೇ ಹೇಳಿದ. ಆ ನಾಲ್ಕು ತಾಸು ನನಗೆ ಬೀರಪ್ಪನ ಕುಂಟು ಕುರಿಯ ಹೆಸರು ನೆನಪಾಗಲೇ ಇಲ್ಲ. ಅದಕ್ಕೇ ಅಳು ಬಂತು.

ಲಾತೂರಿನ ಮಗಳು ನನಗಾಗಿ ಒಂದು ಬಿ.ಪಿ. ಮಶೀನು ಕಳಿಸಿದ್ದಳು. ಗುಂಡಿ ಒತ್ತಿದರೆ ತಾನೇ ಗಾಳಿ ತುಂಬಿ ತಾನೇ ನಂಬರು ತೋರಿಸುವಂಥದ್ದು. ಬೀರಪ್ಪ ಹೋದ ವಾರ, ದಿಲೀಪನ ಜೊತೆ ಕೆಲಸ ಮಾಡುವ ಗೌಂಡಿಯೊಬ್ಬ ತಲೆ ಹಿಡಿದುಕೊಂಡು ನಮ್ಮ ಕಟ್ಟೆಯ ಮೇಲೆ ಕೂತ. "ವೈನಿ, ತಲಿನೋವಿನ ಗುಳಿಗಿ ಇದ್ರ ಕೊಡ್ರಿ" ಅಂದ. ನನ್ನ ಮೈಯೆಲ್ಲ ಉರಿಯಿತು. ಗುಳಿಗೆ ಕೊಡಲಿಲ್ಲ. ಪಟ್ಟಿ ತಂದು ತೋಳಿಗೆ ಕಟ್ಟಿದೆ. ನೂರಾ ತೊಂಬತ್ತು ಬಂತು. ಅವತ್ತೇ ಅವನನ್ನು ದವಾಖಾನೆಗೆ ಹೊರಡಿಸಿದೆ. "ನಾಳಿ ಹೋಗತೀನಿ" ಎಂದವನಿಗೆ ನನ್ನ ಎಡಗೈ ಬಿಚ್ಚಿ ತೋರಿಸಿದೆ. ಎದ್ದು ಹೋದ.

ಶುರುವಾದದ್ದು ಹಾಗೆ. ಸೇವೆ ಮಾಡಬೇಕೆಂಬ ದೊಡ್ಡ ಯೋಚನೆ ಏನೂ ಇರಲಿಲ್ಲ. ಸಿಟ್ಟಿತ್ತು, ಅಷ್ಟೇ.

ನಮ್ಮೂರಿನ ಆಶಾ ಕಾರ್ಯಕರ್ತೆ ಕಲಾವತಿ ನನಗಿಂತ ಚಿಕ್ಕವಳು. ಅವಳನ್ನು ಕೇಳಿದೆ, ನಿನ್ನ ಜೊತೆ ಮನೆ ಮನೆಗೆ ಬರಲೇ ಎಂದು. ಅವಳು ನನ್ನ ಮುಖವನ್ನೇ ನೋಡಿದಳು. "ಅಕ್ಕಾ, ನಿಮಗ ತಕ್ಲೀಫ್ ಆಗೂದಿಲ್ಲೇನ್ರಿ?" ಆಗುತ್ತದೆ ಎಂದೆ. ದಿನಕ್ಕೆ ಹತ್ತು ಹನ್ನೆರಡು ಮನೆ ಎಂದು ಗೊತ್ತು ಮಾಡಿಕೊಂಡೆವು. ಹುಮನಾಬಾದಿಗೆ ಹೋಗದ ದಿನ, ಬಿಸಿಲೇರುವ ಮೊದಲು. ನಾನು ಪಟ್ಟಿ ಕಟ್ಟಿ ನಂಬರು ಬರೆಯುವುದು. ಹೆಚ್ಚಿದ್ದರೆ ಕಲಾವತಿ ಆರೋಗ್ಯ ಕೇಂದ್ರಕ್ಕೆ ಕಳಿಸಿ, ಡಾಕ್ಟರು ಬರೆದ ಗುಳಿಗೆ ದಿನಾ ನುಂಗುತ್ತಾರೋ ಇಲ್ಲವೋ ನೋಡುವುದು. ಉಪದೇಶ ಮಾಡುವುದಿಲ್ಲ ಎಂದು ನನಗೆ ನಾನೇ ಆಣೆ ಹಾಕಿಕೊಂಡೆ. ಎರಡು ದಿನ ಪಾಲಿಸಿದೆ.

ದಿಲೀಪನಿಗೆ ಇದು ಸೇರಲಿಲ್ಲ. "ನಿನಗ್ಯಾಕ ಊರ ಉಸಾಬರಿ? ನಿಂದ ನಿನಗ ನೀಗಾಂಗಿಲ್ಲ" ಅಂದ. ಆದರೆ ಮೂರನೆಯ ವಾರಕ್ಕೆ ಅವನೇ ಸುಮ್ಮನಾದ. ನನಗೆ ಹಸಿವಾಗತೊಡಗಿತ್ತು. ಅವನ ದಪ್ಪ ರೊಟ್ಟಿ ಎರಡು ತಿನ್ನುತ್ತಿದ್ದೆ. ಮಲಗಿದರೆ ನಿದ್ದೆ ಬರುತ್ತಿತ್ತು. ನಡೆಯುವಾಗ ಎಷ್ಟೋ ಹೊತ್ತು ಬಾಯಾರಿಕೆಯ ನೆನಪೇ ಆಗುತ್ತಿರಲಿಲ್ಲ. ಇಂಥ ಕೆಲಸದಿಂದ ಊರಿಗೇನು ಲಾಭ ಎಂದು ಆಮೇಲೆ ಹಲವರು ಕೇಳಿದ್ದಾರೆ. ಊರಿನದು ಕಲಾವತಿಯ ರಜಿಸ್ಟರಿನಲ್ಲಿದೆ, ಅವಳನ್ನು ಕೇಳಿ. ನನ್ನದು ಹೇಳುತ್ತೇನೆ: ಗೋಡೆಯ ಕಡೆ ತಿರುಗಿ ಮಲಗುವುದು ನಿಂತಿತು. ಮನೆಯಿಂದ ಹೊರಡುವಾಗ ನಾನು ಪೇಶೆಂಟ್ ಆಗಿರುತ್ತಿದ್ದೆ. ಎರಡನೆಯ ಮನೆ ಮುಗಿಯುವುದರೊಳಗೆ ವಿಮಲಾ ಆಗಿರುತ್ತಿದ್ದೆ.

ಆದರೆ ಚಹಾ ಇತ್ತು.

ನಮ್ಮ ಕಡೆ ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುವುದಿಲ್ಲ. ಕೊಟ್ಟ ಚಹಾ ಕುಡಿಯದೆ ಏಳುವುದೂ ಇಲ್ಲ. ಎದ್ದರೆ ಆ ಮನೆಗೆ ಕೊರತೆ ಎಣಿಸಿದಂತೆ. ನನಗೆ ಕಾಯಿಲೆ ಇರುವುದು ಊರಿಗೆಲ್ಲ ಗೊತ್ತಿತ್ತು. ನೀರಿನ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ ಮತ್ತೆ ಸೆರಗು ಮೂಗಿಗೆ ಹೋಗುತ್ತದೆ. ಅವರೋ, ಪಾಪ, ಪ್ರೀತಿಯಿಂದ ಇನ್ನಷ್ಟು ಹೊಯ್ಯುತ್ತಿದ್ದರು. "ಆಜಾರಿ ಇದ್ದೀರಿ ಬಾಯಿ, ತಾಕತ್ತ ಬರಲಿ ಅಂತ ಹಾಲ ಜಾಸ್ತಿ ಹಾಕೀನಿ." ಸಣ್ಣ ಕಪ್ಪೇ. ಅರ್ಧ ಸಾಕು ಎಂದರೂ ಅರ್ಧ ಕಪ್ಪು, ಹನ್ನೆರಡು ಮನೆ. ಮನೆಯಲ್ಲಿ ಬಾಟಲಿಯ ನೀರು ಬೇರೆ.

ಬೇಡ ಅನ್ನಲು ಬಾಯಿ ಬರದೇ ಇದ್ದದ್ದಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಬರೆಯದಿದ್ದರೆ ಇದು ಅರ್ಥವಾಗುವುದಿಲ್ಲ.

ನಾವು ಬೌದ್ಧರು. ನಮ್ಮಪ್ಪನ ಕಾಲಕ್ಕೆ ಊರು ನಮ್ಮನ್ನು ಕರೆಯುತ್ತಿದ್ದ ಹೆಸರು ಬೇರೆ. ಅಪ್ಪ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ. ದನದ ಕೊಟ್ಟಿಗೆಯ ಗೂಡಿನಲ್ಲಿ ಕಿವಿ ಮುರಿದ ಒಂದು ಕಪ್ಪು ಅವನಿಗೆಂದೇ ಇರುತ್ತಿತ್ತು. ಮೇಲಿನಿಂದ ಹೊಯ್ಯುತ್ತಿದ್ದರು. ಕುಡಿದು, ತೊಳೆದು, ಅದೇ ಗೂಡಿನಲ್ಲಿಟ್ಟು ಬರುತ್ತಿದ್ದ. ಯಾರ ಮನೆ ಎಂದು ಬರೆಯುವುದಿಲ್ಲ. ಒಂದು ಮನೆಯಲ್ಲ. ಈಗ ಅದೇ ಮನೆಗಳ ಪಡಸಾಲೆಯಲ್ಲಿ ನನಗೆ ಕುರ್ಚಿ ಹಾಕಿ, ತಮ್ಮ ಕಪ್ಪು ಬಶಿಯಲ್ಲೇ ಚಹಾ ತಂದುಕೊಡುತ್ತಾರೆ. ಅದನ್ನು ಬೇಡ ಅನ್ನಲೇ? ನಾನು ಹುಟ್ಟಿದಾಗಿನಿಂದ ಕಾದ ಚಹಾ ಅದು. ಇನ್ನು ನಮ್ಮ ಓಣಿಯ ಮಾತು. ದೊಡ್ಡ ಮನೆಯವರು ನಮ್ಮಲ್ಲಿಗೆ ಬಂದು "ಈಗ ಕುಡದೇ ಬಂದೀವಿ" ಎಂದರೆ ಅದರ ಅರ್ಥ ನಮಗೆ ಚೆನ್ನಾಗಿ ಗೊತ್ತು. ಆ ಮಾತನ್ನು ನನ್ನ ಬಾಯಿಂದ ನಮ್ಮವರಿಗೆ ಹೇಗೆ ಹೇಳಲಿ? ಎರಡೂ ಕಡೆ ಕುಡಿದೆ.

ಪಾಟೀಲರ ಮನೆಯ ಆಯಿ ಗುರುಬಾಯಿಯವರದು ಮತ್ತೊಂದು ಕಥೆ. ಎಪ್ಪತ್ತೈದು ದಾಟಿದ ಮುದುಕಿ. ಬಿ.ಪಿ. ನೂರಾ ಎಂಬತ್ತರ ಕೆಳಗೆ ಇಳಿದದ್ದಿಲ್ಲ. ಡಾಕ್ಟರು ಬರೆದ ಗುಳಿಗೆ ಸೊಸೆ ಕೊಟ್ಟರೆ ನಾಲಿಗೆಯ ಕೆಳಗಿಟ್ಟುಕೊಂಡು ಹಿತ್ತಲಲ್ಲಿ ಉಗಿದು ಬರುತ್ತಿದ್ದರು. ಮೊದಲ ಸಲ ನಾನು ಹೋದಾಗ ಮುಖ ಕೊಟ್ಟು ಮಾತಾಡಲಿಲ್ಲ. ಎರಡನೆಯ ಸಲ ಚಹಾ ತರಿಸಿದರು. ನಾನು ಸ್ವಲ್ಪ ಅನುಮಾನಿಸಿದೆ.

"ಯಾಕ, ನಮ್ಮ ಮನಿ ಛಾ ನಡ್ಯಾಂಗಿಲ್ಲೇನ?"

"ಹಂಗಲ್ರಿ ಆಯಿ."

"ಮತ್ತ ಕುಡಿ. ನೀ ನನ್ನ ಛಾ ಕುಡದ್ರ ನಾ ನಿನ್ನ ಗುಳಿಗಿ ನುಂಗತೀನಿ. ಇಲ್ಲಾಂದ್ರ ಇಲ್ಲ."

ಕುಡಿದೆ. ಅವರು ನನ್ನ ಕಣ್ಣೆದುರಿಗೇ ನುಂಗಿ ಬಾಯಿ ತೆರೆದು ತೋರಿಸಿದರು. ನಾನು ಗೆದ್ದೆ ಅಂದುಕೊಂಡೆ. ಅವತ್ತಿನಿಂದ ಹುಮನಾಬಾದಿಗೆ ಹೋಗದ ದಿನವೆಲ್ಲ ಅವರ ಮನೆಗೆ ಹೋಗುವುದು, ಒಂದು ತುಂಬು ಕಪ್ಪು ಕುಡಿಯುವುದು, ಗುಳಿಗೆ ನುಂಗಿಸುವುದು. ಈ ಸುದ್ದಿ ಉಳಿದ ಮನೆಗಳಿಗೂ ಹಬ್ಬಿ, "ಆಯಿ ಮನ್ಯಾಗ ತುಂಬ ಕುಡೀತೀರಂತ, ನಮ್ಮಲ್ಲಿ ಯಾಕ ಅರ್ಧ?" ಎಂದು ಕೇಳತೊಡಗಿದರು.

ಇರ್ಫಾನ್ ಎರಡು ಸಲ ಎಚ್ಚರಿಸಿದ. ಡಯಾಲಿಸಿಸ್‌ಗೆ ಮುನ್ನ ತೂಕ ನೋಡುತ್ತಾರೆ. ಕಳೆದ ಸಲಕ್ಕಿಂತ ಹೆಚ್ಚಿದ್ದೆಲ್ಲ ನೀರು. ಎರಡು ಕೆ.ಜಿ. ಒಳಗಿರಬೇಕು. ನನಗೆ ಮೂರು ಬಂತು, ಮೂರೂವರೆ ಬಂತು. "ಬಾಯಿ, ಏನ ಕುಡ್ಯಾಕತ್ತೀರಿ?" ಅಂದ. ಬಿಸಿಲು ಜಾಸ್ತಿ ಅಂದೆ. ಸುಳ್ಳು ಹೇಳುವಾಗ ನನಗೆ ನಾಚಿಕೆಯಾಗಲಿಲ್ಲ, ಅದೇ ಈಗ ಆಶ್ಚರ್ಯ.

ಒಂದು ಸೋಮವಾರ ಮಧ್ಯಾಹ್ನ. ಶುಕ್ರವಾರದಿಂದ ಮಂಗಳವಾರದವರೆಗಿನ ಅಂತರ ದೊಡ್ಡದು, ಆ ನಡುವೆ ಮೂರು ದಿನವೂ ತಿರುಗಿದ್ದೆ. ಮನೆಗೆ ಬಂದು ಚಾಪೆಯ ಮೇಲೆ ಅಡ್ಡಾದೆ. ಎದೆಯ ಮೇಲೆ ಯಾರೋ ಕೂತ ಹಾಗಾಯಿತು. ಎದ್ದು ಕೂತೆ. ಕೂತರೂ ಉಸಿರು ಒಳಗೆ ಹೋಗುತ್ತಿರಲಿಲ್ಲ. ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ. ದಿಲೀಪನನ್ನು ಕೂಗಲು ದನಿ ಇಲ್ಲ. ಪಕ್ಕದಲ್ಲಿದ್ದ ತಾಟು ಹಿಡಿದು ನೆಲಕ್ಕೆ ಬಡಿದೆ.

ಮುಳುಗುತ್ತಿದ್ದೆ. ಒಣನೆಲದ ಮೇಲೆ.

ಹುಮನಾಬಾದಿಗೆ ಯಾರ ಗಾಡಿಯಲ್ಲಿ ಹೋದೆವೋ ಗೊತ್ತಿಲ್ಲ. ಆಕ್ಸಿಜನ್ ಹಾಕಿದರು. ತುರ್ತು ಡಯಾಲಿಸಿಸ್. ಐದು ಕೆ.ಜಿ. ನೀರಿತ್ತು ಮೈಯಲ್ಲಿ, ಶ್ವಾಸಕೋಶದಲ್ಲೂ ತುಂಬಿತ್ತು. ಮರುದಿನ ಡಾಕ್ಟರಮ್ಮ ಬಂದು ಹಾಸಿಗೆಯ ಹತ್ತಿರ ನಿಂತರು. ಯಾವಾಗಲೂ ಮೆತ್ತಗೆ ಮಾತಾಡುವವರು. ಅವತ್ತು ಕೆಂಡವಾಗಿದ್ದರು.

"ಇನ್ನ ಅರ್ಧ ತಾಸು ತಡ ಆಗಿದ್ರ ನಾ ಏನೂ ಮಾಡಾಕ ಬರತಿರಲಿಲ್ಲ. ಊರ ಬಿ.ಪಿ. ನೋಡಾಕ ಹೋಗಿ ನೀವು ಸಾಯತೀರೇನು?"

"ಛಾ ಬ್ಯಾಡ ಅನ್ನಾಕ ಆಗಲಿಲ್ರಿ."

"ಆಗಂಗಿಲ್ಲ ಅಂದ್ರ ಹೋಗಬ್ಯಾಡ್ರಿ. ಮನ್ಯಾಗ ಕುಂದುರ್ರಿ" ಅಂದರು.

ಮನೆಗೆ ಬಂದ ಮೇಲೆ ದಿಲೀಪ ಬಿ.ಪಿ. ಮಶೀನನ್ನು ಟ್ರಂಕಿನಲ್ಲಿ ಹಾಕಿ ಬೀಗ ಜಡಿದು, "ಇದು ಹೊರಗ ಬಂದ್ರ ಬಾವ್ಯಾಗ ಒಗೀತೀನಿ" ಅಂದ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತ. ಇಪ್ಪತ್ತಾರು ವರ್ಷದಲ್ಲಿ ಅವನು ಅತ್ತದ್ದು ನಾನು ಕೇಳಿರಲಿಲ್ಲ.

ಹತ್ತು ದಿನ ಮನೆಯಲ್ಲಿ ಕೂತೆ. ತೂಕ ಬರೋಬರ್ ಇತ್ತು. ಇರ್ಫಾನ್ ಖುಷಿಪಟ್ಟ. ನಾನು ಮಾತ್ರ ಮತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಬಾಯಾರಿಕೆ ಮೊದಲಿನದಕ್ಕಿಂತ ಎರಡರಷ್ಟು. ಆಗ ಒಂದು ವಿಷಯ ನನಗೆ ಸ್ಪಷ್ಟವಾಯಿತು. ತಿರುಗಿದರೆ ಚಹಾ ಕೊಲ್ಲುತ್ತದೆ. ಕೂತರೆ ಈ ಗೋಡೆ ಕೊಲ್ಲುತ್ತದೆ, ಸ್ವಲ್ಪ ನಿಧಾನವಾಗಿ. ಎರಡೂ ಬೇಡವಾದರೆ ನಾನು ಊರಿನ ಮುಂದೆ ಬಾಯಿ ಬಿಡಬೇಕು. ಅದೊಂದು ಮಾತ್ರ ನನ್ನಿಂದ ಆಗುತ್ತಿರಲಿಲ್ಲ.

ಹನ್ನೊಂದನೆಯ ದಿನ ಕಲಾವತಿ ಬಂದಳು. ಹಾಗೇ ನಿಂತುಕೊಂಡು ಹೇಳಿದಳು. "ಅಕ್ಕಾ, ಆಯಿ ಗುಳಿಗಿ ಬಿಟ್ಟಾರ್ರಿ. ಹತ್ತ ದಿನ ಆತು. ನಿನ್ನೆ ದವಾಖಾನಿ ಮಶೀನ ತಂದು ನೋಡಿದ್ರ ಎರಡುನೂರು. ವಿಮಲಾ ಬಂದು ಛಾ ಕುಡೀಲಿ, ಆಮ್ಯಾಲ ನುಂಗತೀನಿ ಅಂತಾರ. ಸೊಸಿ ಕೈಮುಗದ್ರೂ ಕೇಳವಲ್ಲರು."

ಎರಡುನೂರು. ನನ್ನದೂ ಅಲ್ಲೇ ಎಲ್ಲೋ ಇದ್ದಾಗಲೇ ಕಿಡ್ನಿ ಹೋದದ್ದು. "ಕೀಲಿ ಕೊಡು" ಎಂದು ದಿಲೀಪನನ್ನು ಕೇಳಿದೆ. ಕೊಡಲಿಲ್ಲ. ಕುಡಿಯುವುದಿಲ್ಲ ಅಂದೆ. ನಂಬಲಿಲ್ಲ. ಕೊನೆಗೆ ತಾನೂ ಜೊತೆಗೆ ಬರುತ್ತೇನೆ ಎಂಬ ಷರತ್ತಿನ ಮೇಲೆ ಕೊಟ್ಟ.

ಗುರುವಾರ ಬೆಳಿಗ್ಗೆ. ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಮುಖ ಕೆಂಪಾಗಿತ್ತು. ನನ್ನನ್ನು ಕಂಡದ್ದೇ ಒಳಗೆ ಕೂಗಿದರು, "ಛಾ ಇಡು, ಆಕಿ ಬಂದಾಳ." ದಿಲೀಪ ಹೊರಗೆ ಕಟ್ಟೆಯ ಹತ್ತಿರವೇ ನಿಂತ. ಪಟ್ಟಿ ಕಟ್ಟಿದೆ. ಎರಡುನೂರಾ ನಾಲ್ಕು. ಸೊಸೆ ಕಪ್ಪು ಬಶಿ ತಂದು ನನ್ನ ಮುಂದಿಟ್ಟಳು, ಗುಳಿಗೆಯನ್ನು ಅತ್ತೆಯ ಮುಂದೆ. ಇಬ್ಬರಿಗೂ ಅವರವರ ಪಾಲು.

ನಾನು ಕಪ್ಪು ಮುಟ್ಟಲಿಲ್ಲ. ಎಡಗೈಯ ತೋಳು ಮೇಲೆ ಸರಿಸಿದೆ.

"ಆಯಿ, ಇಲ್ಲಿ ಕೈ ಇಡ್ರಿ."

ಅವರು ನನ್ನ ಮುಖ ನೋಡಿದರು. ಇಲ್ಲಿಯವರೆಗೆ ಅವರ ಕೈ ನನ್ನ ಮೈಗೆ ತಾಗಿರಲಿಲ್ಲ, ನಡುವೆ ಮಶೀನಿನ ಪಟ್ಟಿ ಇರುತ್ತಿತ್ತು. ಪಟ್ಟಿ ಕಟ್ಟುವಾಗಲೂ ಅವರು ಸೆರಗಿನ ಮೇಲೆಯೇ ಕಟ್ಟಿಸಿಕೊಳ್ಳುತ್ತಿದ್ದರು, ನಾನೂ ಒತ್ತಾಯ ಮಾಡಿರಲಿಲ್ಲ. ಆಮೇಲೆ ಕೈ ಮುಂದೆ ಮಾಡಿ ನನ್ನ ಗಂಟು ಗಂಟಾದ ಕೈಯ ಮೇಲಿಟ್ಟರು. ಬೆಚ್ಚಿ ತೆಗೆದರು. ಮತ್ತೆ ಇಟ್ಟರು.

"ಯವ್ವಾ, ಇದೇನ ಒಳಗ ಝುಂ ಅನ್ನಾಕತ್ತದ? ಜೇನ ಕಟ್ಟ್ಯಾವೇನ?"

"ರಕ್ತ ಹರ್ಯಾಕತ್ತದ್ರಿ. ನನ್ನ ಕಿಡ್ನಿ ಎರಡೂ ಸತ್ತಾವ. ಇದಕ್ಕ ಸೂಜಿ ಹಾಕಿ ಮಶೀನಿನ್ಯಾಗ ರಕ್ತ ತೊಳೀತಾರ. ಕುಡದ ನೀರ ಹೊರಗ ಹೋಗಾಂಗಿಲ್ಲ. ದಿನಕ್ಕ ಮೂರ ಲೋಟ, ಅಷ್ಟೇ. ಹೋದ ಸರ್ತಿ ನಿಮ್ಮೆಲ್ಲಾರ ಛಾ ಕುಡದು ಸಾಯೂದೊಂದ ಬಾಕಿ ಇತ್ರಿ. ಬಿ.ಪಿ. ಗುಳಿಗಿ ನುಂಗಲಿಲ್ಲಂದ್ರ ಇದ ಆಗತದ. ನನಗ ಯಾರೂ ಹೇಳಲಿಲ್ಲ. ನಿಮಗ ನಾ ಹೇಳಾಕತ್ತೀನಿ. ಛಾ ಒಲ್ಲೆ."

ಒಲ್ಲೆ. ಇಷ್ಟು ವರ್ಷದಲ್ಲಿ ಆ ಓಣಿಯಲ್ಲಿ ನಿಂತು ನಾವು ಯಾರೂ ಆಡದ ಮಾತು. ಹೊರಗೆ ದಿಲೀಪ ಕೆಮ್ಮಿದ.

ಆಯಿ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಬೈದರು. "ಹುಚ್ಚಿ ಅದೀ ನೀ. ಬಾಯಿ ಇಲ್ಲೇನ ನಿನಗ? ಮೊದಲೇ ಹೇಳಾಕ ಏನಾಗಿತ್ತು? ನಾ ಏನ ವಿಷ ಕುಡಸಾಕತ್ತೀನಂತ ನನಗರ ಹ್ಯಾಂಗ ತಿಳೀಬೇಕು?" ಕಣ್ಣಲ್ಲಿ ನೀರು ಬಂದಿತ್ತು, ದನಿ ಮಾತ್ರ ಇಳಿಯಲಿಲ್ಲ. "ಒಂದ ಗುಟುಕರ ನಡೀತದೋ ಇಲ್ಲೋ?"

"ಒಂದ ನಡೀತದ್ರಿ."

"ಹಂಗಾದ್ರ ಒಂದ ಕುಡಿ. ನಮ್ಮ ಮನ್ಯಾಗಿಂದ ಬರೇ ಬಾಯಲೆ ಹೋಗಬ್ಯಾಡ."

ಒಂದು ಗುಟುಕು ಕುಡಿದೆ. ಶುಂಠಿ ಹಾಕಿದ್ದರು, ಚೆನ್ನಾಗಿತ್ತು. ಕಪ್ಪನ್ನು ಬಶಿಯಲ್ಲಿಟ್ಟೆ. ತೊಳೆಯಲು ಒಯ್ಯಬೇಕೆಂದು ಸೊಸೆ ಕೈ ಚಾಚಿದಳು.

"ಇರಲಿ ಬಿಡು. ಹಾಲಿನ ಛಾ ಅದು, ಚೆಲ್ಲತಿಯೇನ?" ಎಂದು ಆಯಿ ಕಪ್ಪನ್ನು ತಮ್ಮ ಕಡೆಗೆ ಎಳೆದುಕೊಂಡರು. ಗುಳಿಗೆಯನ್ನು ನಾಲಿಗೆಯ ಮೇಲಿಟ್ಟುಕೊಂಡರು. ನಾನು ಕುಡಿದು ಬಿಟ್ಟ ಚಹಾದಲ್ಲೇ ಅದನ್ನು ನುಂಗಿದರು.

ಸೊಸೆಯ ಕೈ ಚಾಚಿದ್ದು ಹಾಗೇ ಇತ್ತು.

ಆಯಿ ಬಾಯಿ ತೆರೆದು ನನಗೆ ತೋರಿಸಿದರು, ನಾಲಿಗೆ ಎತ್ತಿಯೂ ತೋರಿಸಿದರು. ನನಗೆ ನಗು ಬಂತು, ಅಳುವೂ ಬಂತು. ಹೊರಗೆ ಬಂದರೆ ದಿಲೀಪ ನಮ್ಮ ಕಡೆ ಬೆನ್ನು ಮಾಡಿ ನಿಂತು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

ಅಷ್ಟಕ್ಕೇ ಎಲ್ಲ ಬದಲಾಯಿತು ಎಂದು ಬರೆಯುವಷ್ಟು ಹುಚ್ಚಿ ನಾನಲ್ಲ. ಆ ಮನೆಯ ಪಡಸಾಲೆ ದಾಟಿ ಒಳಗೆ ಇವತ್ತಿಗೂ ನಾನು ಹೋಗಿಲ್ಲ. ಯಾರೂ ಕರೆದಿಲ್ಲ. ಆಯಿ ಮಾಡಿದ್ದು ತಿಳಿದು ಮಾಡಿದರೋ, ಹಾಲು ಚೆಲ್ಲಬಾರದೆಂದು ಮಾಡಿದರೋ, ನಾನು ಕೇಳಿಲ್ಲ. ಕೇಳುವುದೂ ಇಲ್ಲ. ನಾನು ಒಲ್ಲೆ ಅಂದದ್ದು ನಿಜ, ಅವರು ನುಂಗಿದ್ದು ನಿಜ. ಸಾಕು.

ನಮ್ಮೂರಿನಲ್ಲಿ ಸುದ್ದಿಗೆ ಮಶೀನು ಬೇಕಾಗಿಲ್ಲ. ಮುಂದಿನ ಮನೆಗೆ ಹೋಗುವುದರೊಳಗೆ ಅಲ್ಲಿ ಗೊತ್ತಾಗಿತ್ತು. "ನಿಮಗ ಒಂದ ಗುಟುಕಂತಲ್ರಿ ಬಾಯಿ" ಎಂದು ಬಶಿಯಲ್ಲಿ ಚೂರು ಹೊಯ್ದು ಕೊಟ್ಟರು. ನಮ್ಮ ಓಣಿಯಲ್ಲಿ ಒಬ್ಬಳು ಔಷಧಿಯ ಮುಚ್ಚಳದಲ್ಲಿ ಚಹಾ ತಂದು ಕೊಟ್ಟು ನಗಿಸಿದಳು. ಸೆರಗು ಮೂಗಿಗೆ ಹಚ್ಚಿದವರೂ ಇದ್ದರು. ಹಚ್ಚಲಿ ಬಿಡಿ. ಅವರ ತೋಳು ಹಿಡಿದು ಪಟ್ಟಿ ಕಟ್ಟಿದೆ, ಮಾತಾಡಬಾರದು, ಮಾತಾಡಿದರೆ ನಂಬರು ತಪ್ಪುತ್ತದೆ ಅಂದೆ. ಸುಮ್ಮನಾದರು. ಮನೆಗೆ ಬಂದು ಅಷ್ಟೂ ಗುಟುಕನ್ನು ಬಾಟಲಿಯ ನೀರಿನಲ್ಲಿ ಕಳೆದೆ.

ಮರುದಿನ ಶುಕ್ರವಾರ. ಹುಮನಾಬಾದಿನಲ್ಲಿ ತೂಕದ ಮಶೀನು ಹತ್ತಿದೆ. ದಿಲೀಪ ಬಾಗಿಲಲ್ಲಿ ನಿಂತಿದ್ದ. ಇರ್ಫಾನ್ ಬಗ್ಗಿ ನೋಡಿದ.

"ಒಂದು ಕೆ.ಜಿ. ಏಳುನೂರು ಗ್ರಾಂ ಜಾಸ್ತಿ, ಅಷ್ಟೇ. ಶಾಬ್ಬಾಸ್ ಬಾಯಿ! ಮನ್ಯಾಗೇ ಕುಂತೀರಿ ಅಂತ ಕಾಣತದ."

"ಇಲ್ಲೋ ತಮ್ಮಾ. ಹನ್ನೊಂದ ಮನಿ ತಿರಗೀನಿ."

ಅವನು ನನ್ನನ್ನು ಇಳಿಸಿ, ಇನ್ನೊಮ್ಮೆ ಹತ್ತಿಸಿ ನೋಡಿದ. ಅಷ್ಟೇ ಇತ್ತು. ದಿಲೀಪ ಒಳಗೆ ಬಂದ. ಚೀಲದಿಂದ ಬಿ.ಪಿ. ಮಶೀನು ಹೊರಗೆ ತೆಗೆದು, ಅದರ ಸೆಲ್ಲು ಕಳಚಿ ನೋಡಿದ. "ಇವು ಮುಗಿಯಾಕ ಬಂದಾವ. ಬರಾಗ ಬಜಾರದಾಗ ಹೊಸಾವು ತರತೀನಿ" ಅಂದು ಹೋದ. ನಾನು ಸೂಜಿಗೆ ಕೈ ಚಾಚಿ ಮಲಗಿದೆ.